ಈ ನೋವು ಆ ಕಲ್ಲಿನದೇ?

ನಾನು ಕೆಲಸ ಮಾಡುವುದು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ, ಹೆಣ್ಣುಮಕ್ಕಳ ಸರ್ಜಿಕಲ್ ವಾರ್ಡಿನಲ್ಲಿ. ಅಡ್ಮಿಟ್ ಆಗಲು ಬರುವ ನಲವತ್ತು ದಾಟಿದ ಹೆಂಗಸರ ಕೈಚೀಲದಲ್ಲಿ ಸೀರೆ, ಟವೆಲ್ಲು, ರೇಷನ್ ಕಾರ್ಡಿನ ಜೆರಾಕ್ಸಿನ ಜೊತೆಗೆ ಇನ್ನಷ್ಟು ಸಾಮಾನು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅರ್ಧ ಖಾಲಿಯಾದ ಪ್ಯಾಂಟೊಪ್ರಜೋಲ್ ಸ್ಟ್ರಿಪ್ಪು, ಎರಡು ಈನೋ ಪೊಟ್ಟಣ, ತಳದಲ್ಲಿ ಗಟ್ಟಿಕಟ್ಟಿದ ಗುಲಾಬಿ ಬಣ್ಣದ ಆಂಟಾಸಿಡ್ ಬಾಟಲಿ, ಕಾಗದದಲ್ಲಿ ಮಡಿಚಿಟ್ಟ ಓಂಕಾಳು. "ಏನಮ್ಮಾ ಇದೆಲ್ಲ?" ಅಂದರೆ, "ಗ್ಯಾಸ್ ಐತಲ್ರೀ ಸಿಸ್ಟರ್, ಅದಕ್ಕ" ಅನ್ನುತ್ತಾರೆ.

ಗ್ಯಾಸ್ ಎಂದುಕೊಂಡು ಪಿತ್ತಕೋಶದ ಕಲ್ಲಿನ ನೋವನ್ನು ವರ್ಷಗಟ್ಟಲೆ ನುಂಗಿಕೊಂಡವರು ಇವರಲ್ಲಿ ಒಂದು ಪಾಲು. ಇನ್ನೊಂದು ಪಾಲಿನವರದು ಉಲ್ಟಾ ಕಥೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿರುತ್ತದೆ, ನಿದ್ದೆಗೆಟ್ಟು ಓಡಿಬಂದಿರುತ್ತಾರೆ. ಇಲ್ಲವೇ ತಮ್ಮ ಹೊಟ್ಟೆ ಉಬ್ಬರಕ್ಕೆಲ್ಲ ಈ ಕಲ್ಲೇ ಮೂಲವೆಂದು ನಂಬಿ ಪಿತ್ತಕೋಶ ತೆಗೆಸಿಕೊಂಡು, ಕೆಲವು ತಿಂಗಳ ಮೇಲೆ ಅದೇ ಉಬ್ಬರ ಹೊತ್ತು ಓಪಿಡಿ ಸಾಲಿನಲ್ಲಿ ನಿಂತಿರುತ್ತಾರೆ. ಸ್ಕ್ಯಾನಿನಲ್ಲಿ ಕಲ್ಲು ಕಾಣುವುದು ಒಂದು ಸಂಗತಿ, ನೋವು ಆ ಕಲ್ಲಿನಿಂದಲೇ ಬರುತ್ತಿದೆಯೇ ಅನ್ನುವುದು ಇನ್ನೊಂದು. ನನ್ನ ಅನುಭವದಲ್ಲಿ ಹೆಣ್ಣುಮಕ್ಕಳು ಡಾಕ್ಟರನ್ನು ಕೇಳಲೇಬೇಕಾದ, ಆದರೆ ಬಹಳ ಮಂದಿ ಕೇಳದೇ ಬಿಡುವ ಪ್ರಶ್ನೆ ಈ ಎರಡನೆಯದು.

ಮೊದಲು ಪಿತ್ತಕೋಶವೆಂಬ ಈ ಚೀಲದ ಕೆಲಸ ಏನೆಂದು ಹೇಳಿಬಿಡುತ್ತೇನೆ. ಪಿತ್ತರಸ ತಯಾರಾಗುವುದು ಪಿತ್ತಕೋಶದಲ್ಲಲ್ಲ, ಲಿವರಿನಲ್ಲಿ. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ. ಅದರಲ್ಲಿ ಒಂದಿಷ್ಟನ್ನು ಊಟದ ಹೊತ್ತಿನವರೆಗೆ ಕೂಡಿಟ್ಟುಕೊಂಡು, ನೀರಿನಂಶ ಹೀರಿ ಮಂದ ಮಾಡಿಕೊಳ್ಳುವುದು ಪಿತ್ತಕೋಶ. ಬಲಗಡೆ ಪಕ್ಕೆಲುಬಿನ ಕೆಳಗೆ ಲಿವರಿಗೆ ಅಂಟಿಕೊಂಡಿರುವ ಇದರ ಉದ್ದ 7ರಿಂದ 10 ಸೆಂಟಿಮೀಟರ್, ಹಿಡಿಸುವುದು 30ರಿಂದ 50 ಮಿಲಿಲೀಟರ್. ನಾವು ತಿಂದ ಎಣ್ಣೆ ಬೆಣ್ಣೆಯ ಅಂಶ ಸಣ್ಣಕರುಳಿನ ಬಾಯಿಗೆ ಮುಟ್ಟುತ್ತಿದ್ದಂತೆ ಕರುಳಿನ ಗೋಡೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಪಿತ್ತಕೋಶ ಮುದುಡಿ ರಸವನ್ನು ನಾಳಕ್ಕೆ ನೂಕುತ್ತದೆ. ಒಳಗೆ ಕಲ್ಲಿದ್ದು, ಅದು ಚೀಲದ ಕತ್ತಿಗೆ ಬಂದು ಸಿಕ್ಕಿಕೊಂಡಿತೋ, ಚೀಲ ನೂಕುತ್ತಲೇ ಇರುತ್ತದೆ, ರಸ ಹೊರಗೆ ಹೋಗುವುದಿಲ್ಲ. ನೋವು ಹುಟ್ಟುವುದು ಅಲ್ಲಿ. ಸಂಜೆ ಬೆಣ್ಣೆದೋಸೆಯೋ ಮಿರ್ಚಿ-ಮಂಡಕ್ಕಿಯೋ ತಿಂದು ಮಲಗಿದವರು ರಾತ್ರಿ ಒಂದು ಗಂಟೆಗೆ ಎದ್ದು ಕೂರುವುದು ಇದರಿಂದಲೇ. ಆದರೆ ಬರೀ ಮುದ್ದೆ, ಸೊಪ್ಪಿನ ಸಾರು ಉಂಡವರಿಗೂ ನೋವು ಬರುತ್ತದೆ. ಕಲ್ಲು ಊಟ ನೋಡಿಕೊಂಡೇ ಜರುಗಬೇಕೆಂದೇನಿಲ್ಲ.

ಈ ಕಲ್ಲು ಹೆಂಗಸರಿಗೇ ಯಾಕೆ ಹೆಚ್ಚು? ಈಸ್ಟ್ರೊಜೆನ್ ಪಿತ್ತರಸಕ್ಕೆ ಸೇರುವ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆ, ಪ್ರೊಜೆಸ್ಟರಾನ್ ಪಿತ್ತಕೋಶದ ಹಿಡಿತವನ್ನು ಸಡಿಲಿಸುತ್ತದೆ. ರಸದಲ್ಲಿ ಕೊಲೆಸ್ಟರಾಲ್ ಜಾಸ್ತಿಯಾಗಿ, ಚೀಲವೂ ಪೂರ್ತಿ ಖಾಲಿಯಾಗದೆ ಹೋದರೆ ಹರಳು ಕಟ್ಟುತ್ತದೆ. ಒಂದೊಂದು ಬಸಿರಿನಲ್ಲೂ ಈ ಎರಡೂ ಒಟ್ಟಿಗೆ ನಡೆದಿರುತ್ತವೆ. ನಲವತ್ತರ ಹೊತ್ತಿಗೆ ಬರುವ ತೂಕ, ಸಕ್ಕರೆ ಕಾಯಿಲೆ ಅದರ ಮೇಲೆ. ಮುಟ್ಟು ನಿಲ್ಲುವ ಕಾಲದ ತೊಂದರೆಗೆಂದು ಹಾರ್ಮೋನ್ ಮಾತ್ರೆ ನುಂಗುವವರಲ್ಲೂ ಪಿತ್ತಕೋಶದ ಕಾಯಿಲೆ ತುಸು ಹೆಚ್ಚು. ಚರ್ಮಕ್ಕೆ ಅಂಟಿಸುವ ಪ್ಯಾಚಿನಲ್ಲಿ ಆ ಅಪಾಯ ಕಡಿಮೆ. ಹಾಗಾಗಿ ಕಲ್ಲು ಇರುವುದು ಗೊತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ಅದನ್ನು ಮೊದಲೇ ಹೇಳಿಬಿಡಿ.

ನರ್ಸಿಂಗ್ ಓದುವಾಗ ನಮಗೊಂದು ಸೂತ್ರ ಬಾಯಿಪಾಠ ಮಾಡಿಸಿದ್ದರು: ಫ್ಯಾಟ್, ಫೀಮೇಲ್, ಫಾರ್ಟಿ, ಫರ್ಟೈಲ್ (ದಪ್ಪ ಮೈ, ಹೆಣ್ಣು, ನಲವತ್ತು, ಮಕ್ಕಳಾಗುವ ವಯಸ್ಸು). ನನಗೆ ಅದು ಅಂದೂ ಹಿಡಿಸಿರಲಿಲ್ಲ, ಇಂದೂ ಹಿಡಿಸುವುದಿಲ್ಲ. ಕೇಳಲು ಒರಟು ಅನ್ನುವುದಿರಲಿ, ಅದನ್ನೇ ನೆಚ್ಚಿಕೊಂಡರೆ ಒಣಕಲು ಮೈಯ ಕೂಲಿ ಹೆಂಗಸಿನ ನೋವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಉತ್ತರ ಭಾರತದಲ್ಲಿ ಕೊಲೆಸ್ಟರಾಲ್ ಕಲ್ಲುಗಳದೇ ಮೇಲುಗೈ. ದಕ್ಷಿಣದಲ್ಲಿ ಪಿಗ್ಮೆಂಟ್ ಕಲ್ಲುಗಳ ಪಾಲು ಅಲ್ಲಿಗಿಂತ ಹೆಚ್ಚು. ಇವು ರಕ್ತಕಣ ಒಡೆದಾಗ ಹುಟ್ಟುವ ಬಿಲಿರುಬಿನ್ನಿನಿಂದ ಆಗುವಂಥವು, ಮೈತೂಕಕ್ಕೂ ಇವಕ್ಕೂ ಅಂಥ ನಂಟಿಲ್ಲ. ಆಪರೇಷನ್ ಆದ ಮೇಲೆ ಮನೆಯವರ ಕೈಗೆ ಕಲ್ಲುಗಳನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಡುತ್ತೇವೆ. ಕೊಲೆಸ್ಟರಾಲಿನದಾದರೆ ಹಳದಿ, ಒಂದಕ್ಕೊಂದು ಒತ್ತಿ ಮೂಲೆಗಳೆದ್ದಿರುತ್ತವೆ. ಪಿಗ್ಮೆಂಟಿನದು ಕರಿಮೆಣಸಿನ ಹಾಗೆ. ಬೆರಳಲ್ಲಿ ಒತ್ತಿದರೆ ಕೆಲವು ಪುಡಿಯಾಗುತ್ತವೆ. ಬೀಗರು ನೆಂಟರಿಗೆಲ್ಲ ತೋರಿಸಲು ಡಬ್ಬಿ ಮನೆಗೆ ಹೋಗುತ್ತದೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೋ!

ಇನ್ನು ನೋವಿನ ವಿಷಯ. ನಾನು ಹೆಸರು, ವಯಸ್ಸು ಬರೆದುಕೊಂಡ ಮೇಲೆ "ಎಲ್ಲಿ ನೋವು, ಕೈ ಇಟ್ಟು ತೋರಿಸಿ" ಎನ್ನುತ್ತೇನೆ. ಬಾಯಿಗಿಂತ ಕೈ ಹೆಚ್ಚು ಹೇಳುತ್ತದೆ. ಎದೆಯುರಿಯವರು ಬೆರಳನ್ನು ಹೊಟ್ಟೆಯ ಮೇಲ್ಭಾಗದಿಂದ ಗಂಟಲಿನ ಕಡೆಗೆ ಎಳೆಯುತ್ತಾರೆ. ಉಬ್ಬರದವರು ಅಂಗೈಯನ್ನು ಹೊಟ್ಟೆಯ ತುಂಬ ಆಡಿಸುತ್ತಾರೆ, ಅವರಿಗೆ ಇಂಥದೇ ಜಾಗವೆಂದು ಇರುವುದಿಲ್ಲ. ಪಿತ್ತಕೋಶದವರು ಹೊಟ್ಟೆಯ ಗುಂಡಿಯಲ್ಲೋ ಬಲ ಪಕ್ಕೆಲುಬಿನ ಕೆಳಗೋ ಕೈ ಊರಿ, ಅಲ್ಲಿಂದ ಕೈಯನ್ನು ಬಳಸಿ ಹಿಂದಕ್ಕೆ ಒಯ್ದು ಬಲ ಹೆಗಲಿನ ಮೂಳೆಯ ಕೆಳಗೆ ತೋರಿಸಲು ಹೆಣಗುತ್ತಾರೆ. ಎಲ್ಲರೂ ಹೀಗೇ ಎಂದಲ್ಲ, ಆದರೂ ಆ ಮೂರನೆಯ ಕೈ ಕಂಡರೆ ನಾನು ಡಾಕ್ಟರಿಗೆ ಎದ್ದು ಕಾಣುವ ಹಾಗೆ ಬರೆದಿಡುತ್ತೇನೆ.

ಜಾಗದಷ್ಟೇ ಮುಖ್ಯ ಹೊತ್ತು. ಪುಸ್ತಕದಲ್ಲಿ ಇದಕ್ಕೆ ಬಿಲಿಯರಿ ಕಾಲಿಕ್ ಎಂದು ಹೆಸರಿದ್ದರೂ ಇದು ಅಲೆ ಅಲೆಯಾಗಿ ಬಂದು ಹೋಗುವ ನೋವಲ್ಲ. ಶುರುವಾಗಿ ಏರುತ್ತದೆ, ಏರಿದ ಮೇಲೆ ಒಂದೇ ಸಮನೆ ನಿಲ್ಲುತ್ತದೆ. ಅರ್ಧ ಗಂಟೆಯಿಂದ ನಾಲ್ಕೈದು ಗಂಟೆ. ವಾಂತಿ ಬರಬಹುದು, ಬೆವರಬಹುದು. ತೇಗಿದರೂ ಹೂಸಿದರೂ ಇಳಿಯುವುದಿಲ್ಲ, ಮಗ್ಗಲು ಬದಲಿಸಿದರೂ ಅಷ್ಟೇ. ಈನೋ ಕುಡಿದರೆ ನೊರೆ ಬರುತ್ತದೆ, ನೋವು ಹಾಗೇ ಇರುತ್ತದೆ. ಆಮೇಲೆ ಬಂದ ಹಾಗೇ ತಾನಾಗಿ ಹೋಗುತ್ತದೆ. ಮಾರನೆಯ ದಿನ ಏನೂ ಆಗಿಲ್ಲವೆಂಬಂತೆ ಕಸ ಗುಡಿಸಿ ನೀರು ಹಾಕುತ್ತಿರುತ್ತಾರೆ. ಹೀಗೆ ತಾನಾಗಿ ಹೋಗುವುದರಿಂದಲೇ ಹೋದ ನೋವಿನ ಪುಣ್ಯ ಈನೋಗೆ ಸೇರುತ್ತದೆ. ದಿನಾ ಊಟವಾದ ಮೇಲೆ ಹೊಟ್ಟೆ ಭಾರ, ಹುಳಿತೇಗು, ಉಬ್ಬರ, ಇವು ಪಿತ್ತಕೋಶದ ಕಲ್ಲಿನ ಗುರುತಲ್ಲ. ಕಲ್ಲಿದ್ದವರಿಗೂ ಇಲ್ಲದವರಿಗೂ ಇವು ಇರುತ್ತವೆ. ಆಪರೇಷನ್ ಆದರೂ ಅನೇಕರಿಗೆ ಉಳಿಯುತ್ತವೆ.

ಹರಿಹರದ ಕಡೆಯ ಒಬ್ಬ ಟೈಲರ್ ಅಕ್ಕ ಬಂದಿದ್ದರು. ಚೀಲದಿಂದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹರಿದ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರವಿದರು. ಹಾಲಿನ ಲೆಕ್ಕ, ಬ್ಲೌಸ್ ಕೊಡಬೇಕಾದವರ ಹೆಸರುಗಳ ನಡುವೆ ಕೆಲವು ಚೌಕಗಳಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಗೀರು. ಪಕ್ಕದಲ್ಲಿ ಪೆನ್ನಿನಲ್ಲಿ "ರಾ. 12–3, ಹೋಳಿಗೆ", "ಬೆ. 4–6, ಏನೂ ಇಲ್ಲ, ಬೆನ್ನು", "ರಾ. 11–2, ಸೋಮವಾರ ಒಪ್ಪೊತ್ತು". ಸರ್ಜನ್ ಸ್ಕ್ಯಾನ್ ರಿಪೋರ್ಟಿಗಿಂತ ಹೆಚ್ಚು ಹೊತ್ತು ಆ ಹಾಳೆಗಳನ್ನು ನೋಡಿದರು. ಕಲ್ಲು ಇದೆ ಎಂದು ರಿಪೋರ್ಟ್ ಹೇಳಿತ್ತು. ನೋವು ಕಲ್ಲಿನದು ಎಂದು ಹೇಳಿದ್ದು ಕ್ಯಾಲೆಂಡರ್. ನೀವೂ ಹೀಗೆ ಬರೆದಿಡಬಹುದು. ಶುರುವಾದ ಹೊತ್ತು, ನಿಂತ ಹೊತ್ತು, ಜಾಗ, ಹಿಂದಿನ ಊಟ, ಅಷ್ಟು ಸಾಕು.

ಒಪ್ಪೊತ್ತಿನ ಮಾತು ಬಂತು. ಶ್ರಾವಣ ಸೋಮವಾರದ ಒಂದು ದಿನದ ಉಪವಾಸದಿಂದ ಕಲ್ಲು ಕಟ್ಟುವುದಿಲ್ಲ, ಹೆದರಬೇಡಿ. ತಿಂಗಳುಗಟ್ಟಲೆ ಬೆಳಿಗ್ಗೆ ಬಿಟ್ಟು, ರಾತ್ರಿ ಬಿಟ್ಟು, ದಿನಕ್ಕೊಂದು ಲೋಟ ಜ್ಯೂಸಿನಲ್ಲಿ ತೂಕ ಇಳಿಸುವವರ ಪಿತ್ತಕೋಶಕ್ಕೆ ಮಾತ್ರ ಮುದುಡುವ ಕೆಲಸವೇ ಇರುವುದಿಲ್ಲ, ರಸ ಒಳಗೇ ನಿಂತು ಮಂದವಾಗುತ್ತದೆ. ಅತ್ತ ಕೊಬ್ಬು ಕರಗುತ್ತಾ ಲಿವರಿನಿಂದ ಕೊಲೆಸ್ಟರಾಲ್ ಬೇರೆ ಬರುತ್ತಿರುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿದರೆ ಕಲ್ಲಿನ ಅಪಾಯ ಏರುತ್ತದೆ. ತೂಕ ಇಳಿಸಲು ಈಗ ಬಂದಿರುವ ಇಂಜೆಕ್ಷನ್ನುಗಳಲ್ಲೂ ಪಿತ್ತಕೋಶದ ತೊಂದರೆ ತುಸು ಹೆಚ್ಚೆಂದು ಕಂಡುಬಂದಿದೆ. ಮಗಳ ಮದುವೆಗೆ ಮುಂಚೆ ಎರಡು ತಿಂಗಳಲ್ಲಿ ತೆಳ್ಳಗಾಗಬೇಕೆಂದು ಹೊರಡುವ ಅಮ್ಮಂದಿರು ಇದನ್ನು ಕೇಳಿಸಿಕೊಳ್ಳಬೇಕು.

ತಡಮಾಡಬಾರದ ಸಂದರ್ಭಗಳಿವೆ. ನೋವು ಐದಾರು ಗಂಟೆ ದಾಟಿತು, ಜ್ವರ ಬಂತು ಎಂದರೆ ಪಿತ್ತಕೋಶ ಊದಿಕೊಂಡಿರಬಹುದು. ಡಾಕ್ಟರು ಬಲ ಪಕ್ಕೆಲುಬಿನ ಕೆಳಗೆ ಬೆರಳೂರಿ "ಉಸಿರೆಳೆದುಕೊಳ್ಳಿ" ಎಂದಾಗ ಅರ್ಧಕ್ಕೇ ಉಸಿರು ಕಚ್ಚಿಕೊಂಡು ನಿಲ್ಲುತ್ತದೆ. ಷಿಕಾಗೋದ ಸರ್ಜನ್ ಜಾನ್ ಮರ್ಫಿ ಅವರ ಹೆಸರಿನ ಈ ಪರೀಕ್ಷೆಗೆ ಬಿಡಿಗಾಸು ಖರ್ಚಿಲ್ಲ. ಕಣ್ಣು ಹಳದಿಯಾಗಿ, ಮೂತ್ರ ಕಡು ಬಣ್ಣಕ್ಕೆ ತಿರುಗಿ, ನಡುಗಿಸುವ ಚಳಿಜ್ವರ ಬಂದರೆ ಕಲ್ಲು ದೊಡ್ಡ ಪಿತ್ತನಾಳಕ್ಕೆ ಜಾರಿ ಸೋಂಕಾಗಿರುವ ಸಾಧ್ಯತೆ. ಆಗ ಕಾಮಾಲೆಗೆ ನಾಟಿ ಔಷಧಿ ಕೊಡಿಸಲು ಹಳ್ಳಿಗೆ ಕರೆದೊಯ್ಯುತ್ತಾರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಲ್ಲಿ ಕಳೆಯುವ ಎರಡು ದಿನ ಜೀವಕ್ಕೇ ಮುಳುವಾಗಬಹುದು. ಹೊಟ್ಟೆಯಿಂದ ನೇರ ಬೆನ್ನಿಗೆ ತೂರುವ ನೋವು, ನಿಲ್ಲದ ವಾಂತಿ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದರ ಲಕ್ಷಣವಿರಬಹುದು. ಇವೆಲ್ಲಕ್ಕೂ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಬರಬೇಕು.

ಕಲ್ಲು ಪತ್ತೆಗೆ ಅಲ್ಟ್ರಾಸೌಂಡ್ ಸಾಕು. ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿರಿ ಎಂದು ಹೇಳಿದ್ದರೂ "ಬರೀ ಅರ್ಧ ಲೋಟ ಚಾ" ಕುಡಿದು ಬರುವವರಿದ್ದಾರೆ. ಹಾಲಿನ ಕೊಬ್ಬು ಸೇರಿದರೆ ಪಿತ್ತಕೋಶ ಮುದುಡಿಬಿಡುತ್ತದೆ, ಮುದುಡಿದ ಚೀಲದೊಳಗೆ ಕಲ್ಲು ಗುರುತಿಸುವುದು ಕಷ್ಟ. ಪಿತ್ತನಾಳದೊಳಗಿನ ಕಲ್ಲು ಮಾತ್ರ ಈ ಸ್ಕ್ಯಾನಿಗೆ ಎಷ್ಟೋ ಸಲ ಸಿಗುವುದಿಲ್ಲ, ಅದಕ್ಕೆ ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಬೇಕು. ಅಲ್ಲಿ ಕಲ್ಲು ಕಂಡರೆ ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆಯುವ ಇಆರ್‌ಸಿಪಿ.

ಈಗ ನನ್ನದೇ ಕಲ್ಲಿನ ಸಮಾಚಾರ. ಮುಟ್ಟಿನಲ್ಲಿ ರಕ್ತ ವಿಪರೀತ ಹೋಗುತ್ತಿತ್ತೆಂದು ಗರ್ಭಕೋಶದ ಸ್ಕ್ಯಾನ್ ಮಾಡಿಸಿಕೊಂಡೆ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ, ಜೊತೆಗೆ ಪಿತ್ತಕೋಶದಲ್ಲಿ 8 ಮಿಲಿಮೀಟರಿನ ಒಂದು ಕಲ್ಲು. ನಮ್ಮ ಸರ್ಜನ್ನರು ಕೇಳಿದ್ದು ಒಂದೇ: "ಯಾವತ್ತಾದ್ರೂ ನೋವು ಬಂದಿದೆಯಾ ಸಿಸ್ಟರ್?" ಬಂದಿರಲಿಲ್ಲ. "ಹಂಗಾದ್ರೆ ಅದರ ಪಾಡಿಗೆ ಅದಿರಲಿ" ಎಂದರು. ಅದು ಇವತ್ತಿಗೂ ಇದೆ. ಸರ್ಜಿಕಲ್ ವಾರ್ಡಿನ ನರ್ಸೇ ಕಲ್ಲು ಇಟ್ಟುಕೊಂಡಿದ್ದಾಳೆ ಎಂದರೆ ರೋಗಿಗಳು ನಂಬುವುದಿಲ್ಲ. ಆದರೆ ಕಲ್ಲಿರುವವರಲ್ಲಿ ಹೆಚ್ಚಿನವರಿಗೆ ಬದುಕಿಡೀ ಅದು ತೊಂದರೆ ಕೊಡುವುದಿಲ್ಲ. ನೋವಿಲ್ಲದ ಕಲ್ಲು ನೋವು ಕೊಡಲು ಶುರುಮಾಡುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಂದ ನಾಲ್ವರಿಗೆ. 3 ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, 1 ಸೆಂಟಿಮೀಟರ್ ದಾಟಿದ ಪಾಲಿಪ್, ಸುಣ್ಣಗಟ್ಟಿದ ಪಿತ್ತಕೋಶದ ಗೋಡೆ, ಇಂಥವಿದ್ದರೆ ಮಾತು ಬೇರೆ. ನೋವಿಲ್ಲದಿದ್ದರೂ ಡಾಕ್ಟರು ತೆಗೆಸಿಕೊಳ್ಳಲು ಹೇಳಬಹುದು.

ಒಮ್ಮೆ ನೋವು ಶುರುವಾಯಿತೆಂದರೆ ಲೆಕ್ಕ ಬದಲಾಗುತ್ತದೆ. ಮತ್ತೆ ಬರುವ ಸಾಧ್ಯತೆಯೇ ಹೆಚ್ಚು, ತೊಡಕುಗಳೂ ಅಂಥವರಿಗೇ ಹೆಚ್ಚು. ಆಗ ಚಿಕಿತ್ಸೆ ಆಪರೇಷನ್ನೇ. "ಕಲ್ಲು ಮಾತ್ರ ತೆಗೆದು ಚೀಲ ಬಿಡ್ರಲ್ಲ" ಎಂದು ಕೇಳುವವರಿಗೆ ನಾನು ಹೇಳುವುದು, ಕಲ್ಲು ಹುಟ್ಟಿಸಿದ್ದೇ ಆ ಚೀಲ, ಬಿಟ್ಟರೆ ಮತ್ತೆ ಹುಟ್ಟಿಸುತ್ತದೆ. ಕರಗಿಸುವ ಮಾತ್ರೆ ಇಲ್ಲದಿಲ್ಲ. ಅರ್ಸೊಡಿಆಕ್ಸಿಕೋಲಿಕ್ ಆಸಿಡ್ ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ತಿಂಗಳುಗಟ್ಟಲೆ ನುಂಗಿದರೆ ಕರಗಿಸಬಲ್ಲದು, ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷದೊಳಗೆ ಕಲ್ಲು ಮತ್ತೆ ಕಟ್ಟುತ್ತದೆ. ಬಾಳೆದಿಂಡಿನ ರಸ ಕುಡಿದು ಬರುವವರು ಬಹಳ. ಅದನ್ನು ನಮ್ಮಲ್ಲಿ ಹೇಳುವುದು ಕಿಡ್ನಿ ಕಲ್ಲಿಗೆ. ಕಿಡ್ನಿಯ ದಾರಿ ಬೇರೆ, ಕಲ್ಲಿನ ಜಾತಿ ಬೇರೆ. ಇನ್ನು ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಕಲ್ಲೆಲ್ಲ ಹೊರಬರುತ್ತವೆ ಎಂಬ ವಿಡಿಯೋಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ಮಾರನೆಯ ದಿನ ಮಲದಲ್ಲಿ ಹಸಿರು ಉಂಡೆಗಳು ಬೀಳುವುದು ನಿಜವೇ. 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥ ಉಂಡೆಗಳನ್ನು ಪರೀಕ್ಷಿಸಿದ ವರದಿ ಬಂತು. ಅವು ಕಲ್ಲಲ್ಲ, ಕುಡಿದ ಎಣ್ಣೆ ಹೊಟ್ಟೆಯೊಳಗೆ ಸಾಬೂನಾಗಿ ಗಟ್ಟಿಕಟ್ಟಿದ್ದು. ಕಲ್ಲುಗಳು ಒಳಗೆ ಇದ್ದಲ್ಲೇ ಇದ್ದವು.

ಪಿತ್ತಕೋಶವನ್ನು ಮೊದಲು ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ನೂರು ವರ್ಷ ಹೊಟ್ಟೆ ಸೀಳಿಯೇ ತೆಗೆಯುತ್ತಿದ್ದರು. 1985ರಲ್ಲಿ ಜರ್ಮನಿಯ ಎರಿಶ್ ಮ್ಯೂಯೆ ಸಣ್ಣ ತೂತಿನಿಂದ ಲ್ಯಾಪರೋಸ್ಕೋಪ್ ಇಳಿಸಿ ತೆಗೆದು ತೋರಿಸಿದಾಗ ಅವರದೇ ದೇಶದ ಸರ್ಜನ್ನರು ಒಪ್ಪಲಿಲ್ಲ. ಭಾರತದಲ್ಲಿ ಇದನ್ನು ಮೊದಲು ಮಾಡಿದವರು ಮುಂಬೈಯ ಡಾ. ತೆಹಮ್‌ಟನ್ ಉಡ್ವಾಡಿಯಾ, 1990ರಲ್ಲಿ, ಸರ್ಕಾರಿ ಜೆ.ಜೆ. ಆಸ್ಪತ್ರೆಯಲ್ಲಿ. ಈಗ ನಮ್ಮ ವಾರ್ಡಿನಲ್ಲೂ ಅದೇ ರೂಢಿ: ನಾಲ್ಕು ಸಣ್ಣ ತೂತು, ಒಂದೆರಡು ದಿನದಲ್ಲಿ ಮನೆಗೆ. ಎರಡು ಸಂಗತಿ ಮೊದಲೇ ತಿಳಿದಿರಲಿ. ಹೊಟ್ಟೆ ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್ ವಪೆಯನ್ನು ಕೆರಳಿಸುವುದರಿಂದ ಒಂದೆರಡು ದಿನ ಹೆಗಲು ನೋಯುತ್ತದೆ, "ಹೊಟ್ಟಿ ಕೊಯ್ದ್ರೆ ಭುಜ ಯಾಕ್ರೀ ನೋಯ್ತೈತಿ" ಎಂದು ಗಾಬರಿಯಾಗುವುದು ಬೇಡ. ಒಳಗೆ ಅಂಟು ಜಾಸ್ತಿಯಿದ್ದರೆ ಸರ್ಜನ್ ಮಧ್ಯದಲ್ಲೇ ಹೊಟ್ಟೆ ತೆರೆಯಬೇಕಾಗಬಹುದು. ಅದು ಆಪರೇಷನ್ ಕೆಟ್ಟಿತೆಂದಲ್ಲ, ಪಿತ್ತನಾಳಕ್ಕೆ ಏಟಾಗದಿರಲೆಂದು. ಸಾವಿರದಲ್ಲಿ ಮೂರರಿಂದ ಐದು ಮಂದಿಗೆ ಆ ಏಟು ಆಗುವುದುಂಟು, ಸಹಿ ಹಾಕುವ ಮುಂಚೆ ಕೇಳಿ ತಿಳಿದುಕೊಳ್ಳಿ.

ಪಿತ್ತಕೋಶದ ಮೇಲೆಯೇ ಕಣ್ಣಿಟ್ಟು ಬೇರೆಯದನ್ನು ಕಾಣದೆ ಹೋಗುವ ಅಪಾಯವೂ ಇದೆ. ಸಕ್ಕರೆ ಕಾಯಿಲೆ, ಬಿಪಿ ಇರುವ ಐವತ್ತರ ಹೆಂಗಸಿಗೆ ಹೊಟ್ಟೆಯ ಗುಂಡಿಯಲ್ಲಿ ಹೊಸದಾಗಿ ನೋವು, ಬೆವರು, ಏದುಸಿರು ಬಂದರೆ ಮೊದಲು ಆಗಬೇಕಾದ್ದು ಇಸಿಜಿ, ಹೊಟ್ಟೆ ಸ್ಕ್ಯಾನ್ ಆಮೇಲೆ. ಹೆಂಗಸರ ಹೃದಯಾಘಾತ ಎಷ್ಟೋ ಸಲ ಹೊಟ್ಟೆನೋವಿನ ವೇಷದಲ್ಲೇ ಬರುತ್ತದೆ. ಎರಡನೆಯದು ಅಂಡಾಶಯ. ಮುಟ್ಟು ನಿಲ್ಲುವ ಹೊತ್ತಿಗೆ ಹೊಸದಾಗಿ ಶುರುವಾಗಿ ಬಿಡದೆ ಕಾಡುವ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಅವಸರ ಇವು ಅಂಡಾಶಯದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಐವತ್ತು ದಾಟಿದವರಿಗೆ ಇವು ತಿಂಗಳಲ್ಲಿ 12 ಸಲಕ್ಕಿಂತ ಹೆಚ್ಚು ಬಂದರೆ ಸಿಎ-125 ರಕ್ತಪರೀಕ್ಷೆ ಮಾಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ಡಾಕ್ಟರುಗಳಿಗೆ ಸೂಚಿಸಿತು. ನಮ್ಮ ಹೆಂಗಸರಾದರೋ ಅಷ್ಟಕ್ಕೂ ಓಂಕಾಳೇ ಜಗಿಯುತ್ತಾರೆ. ಪಿತ್ತಕೋಶದ ಕಲ್ಲು ಕಂಡಿತೆಂದು ಸ್ಕ್ಯಾನ್ ಅಲ್ಲಿಗೇ ನಿಲ್ಲಿಸಬಾರದು, ಕಿಬ್ಬೊಟ್ಟೆಯನ್ನೂ ನೋಡಿಸಿ.

ಆಪರೇಷನ್ನಿಗೆ ಅಡ್ಡಿಯಾಗುವುದು ಭಯಕ್ಕಿಂತ ಹೆಚ್ಚಾಗಿ ಮನೆ. ಮಗನ ಪಿಯುಸಿ ಪರೀಕ್ಷೆ ಮುಗೀಲಿ, ಮೆಕ್ಕೆಜೋಳ ಮುರಿದಾಗಲಿ, ದುಗ್ಗಮ್ಮನ ಜಾತ್ರೆ ಕಳೀಲಿ. ಜಾತ್ರೆಗೆ ಬಂದ ನೆಂಟರಿಗೆ ಬಡಿಸಿ ತಾನೂ ಉಂಡು, ಬೆಳಗಿನ ಜಾವ ಆಂಬುಲೆನ್ಸಿನಲ್ಲಿ ಬಂದವರನ್ನು ನಾನು ಬೆಡ್ಡಿಗೆ ಮಲಗಿಸಿದ್ದೇನೆ. ಎರಡು ದಿನದಲ್ಲಿ ಮುಗಿಯಬೇಕಿದ್ದದ್ದು ಮೇದೋಜೀರಕ ಊದಿಕೊಂಡು ಐಸಿಯುಗೆ ಹೋಯಿತು. ಅವರ ಯಜಮಾನರು ಕಾರಿಡಾರಿನಲ್ಲಿ "ನಾವೇನು ಬ್ಯಾಡ ಅಂದಿದ್ದಿಲ್ರೀ" ಎನ್ನುತ್ತಲೇ ಇದ್ದರು. ಬೇಡ ಅನ್ನದಿದ್ದರೆ ಆಯಿತೇ? ಅಡುಗೆಮನೆ ಹದಿನೈದು ದಿನ ಯಾರು ನೋಡಿಕೊಳ್ಳುತ್ತಾರೆಂದು ಗಂಡಸರು, ಮಕ್ಕಳು ಕೂತು ಮಾತಾಡಿದ್ದರೆ ಆಕೆ ಜಾತ್ರೆಗೆ ಮುಂಚೆಯೇ ಬರುತ್ತಿದ್ದರು. ದುಡ್ಡಿನ ಚಿಂತೆಯಿದ್ದರೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅನುಕೂಲವಿದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ವಿಚಾರಿಸಿ.

ಮನೆಗೆ ಹೋದ ಮೇಲೆ ಬರೀ ಗಂಜಿಯಲ್ಲಿ ಆರು ತಿಂಗಳು ಕೂರಿಸುವ ಅತ್ತೆಯರಿದ್ದಾರೆ, ಪ್ರೀತಿಯಿಂದಲೇ. ಅದರ ಅಗತ್ಯವಿಲ್ಲ. ಪಿತ್ತಕೋಶ ಹೋದರೂ ಲಿವರ್ ಪಿತ್ತರಸ ಮಾಡುವುದನ್ನು ನಿಲ್ಲಿಸುವುದಿಲ್ಲ, ಅದು ನೇರ ಕರುಳಿಗೆ ಹನಿಯುತ್ತಿರುತ್ತದೆ. ಮೊದಲ ಕೆಲವು ವಾರ ಕರಿದದ್ದು ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಂಡರೆ ಒಳ್ಳೆಯದು. ಮುದ್ದೆ, ರೊಟ್ಟಿ, ಬೇಳೆ, ತರಕಾರಿ ಯಾವುದಕ್ಕೂ ತಡೆಯಿಲ್ಲ. ಆಮೇಲೆ ಅನ್ನಕ್ಕೊಂದು ಚಮಚ ತುಪ್ಪವೂ ಆದೀತು. ಕೆಲವರಿಗೆ ಊಟವಾದ ಕೂಡಲೇ ಭೇದಿಗೆ ಓಡುವ ಹಾಗಾಗುತ್ತದೆ. ಬಹುಪಾಲು ತಾನಾಗಿ ಹತೋಟಿಗೆ ಬರುತ್ತದೆ, ಬರದಿದ್ದರೆ ಅದಕ್ಕೆಂದೇ ಪುಡಿ ಇದೆ. ನಾಚಿಕೊಂಡು ಬಸ್ಸಿನ ಪ್ರಯಾಣವನ್ನೇ ಬಿಟ್ಟು ಮನೆಯಲ್ಲಿ ಕೂರುವ ಬದಲು ಡಾಕ್ಟರಿಗೆ ಹೇಳಿ.

ಇನ್ನೊಂದು ಉಳಿಯಿತು. ತೆಗೆದ ಪಿತ್ತಕೋಶವನ್ನು ನಾವು ಫಾರ್ಮಲಿನ್ನಿನಲ್ಲಿ ಹಾಕಿ ಬಯಾಪ್ಸಿಗೆ ಕಳಿಸುತ್ತೇವೆ. ಅಪರೂಪಕ್ಕೆ ಅದರ ಗೋಡೆಯಲ್ಲಿ ಸ್ಕ್ಯಾನಿಗೆ ಕಾಣದ ಕ್ಯಾನ್ಸರ್ ಸಿಗುತ್ತದೆ. ಆ ಹಂತದಲ್ಲಿ ಸಿಕ್ಕರೆ ಮಾಡುವುದಕ್ಕೆ ದಾರಿಯಿರುತ್ತದೆ. ಕಲ್ಲಿನ ಡಬ್ಬಿಯನ್ನು ಮರೆಯದೆ ಒಯ್ಯುವವರು ಈ ರಿಪೋರ್ಟನ್ನು ಮಾತ್ರ ಕೇಳುವುದೇ ಇಲ್ಲ. ನಮ್ಮ ಡ್ಯೂಟಿ ರೂಮಿನ ಕಪಾಟಿನಲ್ಲಿ ಯಾರೂ ಒಯ್ಯದ ರಿಪೋರ್ಟುಗಳ ಒಂದು ಕಟ್ಟೇ ಇದೆ. ಹೊಲಿಗೆ ತೋರಿಸಲು ಬಂದ ದಿನ "ಬಯಾಪ್ಸಿ ಬಂತಾ ಸಿಸ್ಟರ್?" ಎಂದು ಕೇಳಿ, ಕೈಗೆ ತೆಗೆದುಕೊಂಡು, ಡಾಕ್ಟರಿಗೆ ಓದಿಸಿಯೇ ಬಸ್ ಹತ್ತಿ.